ಬಾಡಿಗೆ ಮನೆಗೆ ಎತ್ತಿಡುವ ರ‍್ಯಾಂಪ್

ನಾನು ವೀಲ್‌ಚೇರ್ ಬಳಸುತ್ತೇನೆ. ಬೆಂಗಳೂರಿನ ಈ ಬಾಡಿಗೆ ಮನೆ ನೆಲಮಹಡಿಯಲ್ಲೇ ಇದೆ, ಆದರೆ ಬಾಗಿಲಿಗೆ 6 ಇಂಚಿನ ಮೆಟ್ಟಿಲು. ಸಿಮೆಂಟ್ ರ‍್ಯಾಂಪ್ ಅಂದ ಕೂಡಲೇ ಓನರ್ 'ಆಮೇಲೆ ಒಡೆಸೋರು ಯಾರು?' ಅಂದರು.

ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ರ‍್ಯಾಂಪ್ ಮಾಡಿಸಿದೆ. ಇಳಿಜಾರು 1:12 ಇರಬೇಕು, ಅಂದರೆ 6 ಇಂಚಿಗೆ 6 ಅಡಿ ಉದ್ದ. '3 ಅಡಿ ಸಾಕು ಸಾರ್' ಅಂತಾರೆ, ಒಪ್ಪಬೇಡಿ. ಹತ್ತುವಾಗ ಕುರ್ಚಿ ಹಿಂದಕ್ಕೆ ವಾಲುತ್ತೆ. ಎರಡು ತುಂಡು ಮಾಡಿ ಬೋಲ್ಟ್ ಹಾಕಿಸಿದರೆ ಎತ್ತಿಡೋದು ಸುಲಭ. ತಗಡು ನುಣುಪಾಗಿದ್ದರೆ ಮಳೆಯಲ್ಲಿ ಜಾರುತ್ತೆ, ಉಬ್ಬುಗೆರೆಗಳಿರುವ ಪ್ಲೇಟೇ ಕೇಳಿ.

ಒಳಗೆ ಕುರ್ಚಿಗೆ ಜಾಗ ಸಿಗಲಿ ಅಂತ ಬಚ್ಚಲಿನ ಬಾಗಿಲನ್ನೂ ಬಡಗಿ ಹೊರಗೆ ತೆರೆಯುವಂತೆ ತಿರುಗಿಸಿಕೊಟ್ಟರು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಮಾತು ಓನರ್‌ಗೆ ಅಷ್ಟಾಗಿ ನಾಟಲಿಲ್ಲ. 'ಖಾಲಿ ಮಾಡುವಾಗ ಬಾಡಿಗೆದಾರರೇ ಎಲ್ಲ ಮೊದಲಿನಂತೆ ಮಾಡಿಕೊಡಬೇಕು' ಅಂತ ಅಗ್ರಿಮೆಂಟ್‌ನಲ್ಲಿ ಒಂದು ಸಾಲು ಸೇರಿಸಿದೆ. ತಕ್ಷಣ ಸಹಿ ಹಾಕಿದರು.