ಕರುಳಿನ ಕ್ಯಾನ್ಸರ್ ಆಗುವ ಮೊದಲೇ ತಡೆಯುವುದು ಹೇಗೆ?

ದೊಡ್ಡ ಕರುಳಿನ ಕ್ಯಾನ್ಸರ್ ರಾತ್ರೋರಾತ್ರಿ ಹುಟ್ಟುವುದಿಲ್ಲ. ಹೆಚ್ಚಿನವು ಶುರುವಾಗುವುದು ಕರುಳಿನ ಒಳಗೋಡೆಯಲ್ಲಿ ಏಳುವ ಪಾಲಿಪ್ ಎಂಬ ಪುಟ್ಟ ಗಂಟಿನಿಂದ. ಎಲ್ಲ ಪಾಲಿಪ್ ಕ್ಯಾನ್ಸರ್ ಆಗುವುದಿಲ್ಲ, ಆಗುವುದಕ್ಕೂ ಸಾಮಾನ್ಯವಾಗಿ 10 ವರ್ಷದ ಆಸುಪಾಸು ಬೇಕು, ಮತ್ತು ಅಷ್ಟೂ ಕಾಲ ಅದು ನೋಯದೆ ಸುಮ್ನೆ ಕೂತಿರುತ್ತದೆ. ಆಗಲೇ ಕತ್ತರಿಸಿ ತೆಗೆದರೆ ಆ ಗಂಟಿನ ಕಥೆ ಅಲ್ಲಿಗೆ ಮುಗಿಯಿತು. "ನನಗೇನೂ ತೊಂದರೆ ಇಲ್ಲವಲ್ಲ, ಟೆಸ್ಟ್ ಯಾಕೆ?" ಅಂತ ತುಂಬಾ ಜನ ಕೇಳುತ್ತಾರೆ. ತೊಂದರೆ ಇಲ್ಲದಾಗಲೇ ಮಾಡಿಸಬೇಕಾದ ಟೆಸ್ಟ್ ಇದು.

ಮೊದಲು ಮನೆಯವರನ್ನು ಕೇಳಿ. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಬಂದಿತ್ತಾ, ಆಗ ಅವರಿಗೆ ವಯಸ್ಸೆಷ್ಟು? ಅಮ್ಮನಿಗೆ 48ಕ್ಕೆ ಬಂದಿದ್ದರೆ ನಿಮ್ಮ ಕೊಲೊನೋಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆ) 38ಕ್ಕೇ ಆಗಬೇಕು. 40 ವರ್ಷ, ಇಲ್ಲವೇ ಅವರಿಗೆ ಬಂದ ವಯಸ್ಸಿಗಿಂತ 10 ವರ್ಷ ಮುಂಚೆ, ಯಾವುದು ಮೊದಲೋ ಅದು. ಮನೆಯಲ್ಲಿ ಯಾರಿಗೂ ಇಲ್ಲದಿದ್ದರೆ? ಚಿಕ್ಕ ವಯಸ್ಸಿನವರಲ್ಲೂ ಈ ಕಾಯಿಲೆ ಜಾಸ್ತಿಯಾಗುತ್ತಿರುವುದರಿಂದ ಅಮೆರಿಕದ ತಜ್ಞರ ಸಮಿತಿ 2021ರಲ್ಲಿ ಪರೀಕ್ಷೆ ಶುರುಮಾಡುವ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿತು.

ಟೆಸ್ಟ್ ಯಾವುದು? ಸುಲಭದ್ದು ಫಿಟ್ (FIT) ಎಂಬ ಮಲ ಪರೀಕ್ಷೆ. ಮನೆಯಲ್ಲೇ ಒಂದು ಕಡ್ಡಿಯ ತುದಿಗೆ ಸ್ವಲ್ಪ ಮಲ ತಾಗಿಸಿ ಪುಟ್ಟ ಬಾಟಲಿಗೆ ಹಾಕಿ ಕೊಟ್ಟರೆ ಸಾಕು, ಕಣ್ಣಿಗೆ ಕಾಣದ ರಕ್ತವನ್ನೂ ಅದು ಹಿಡಿಯುತ್ತದೆ. ಆದರೆ ವರ್ಷಕ್ಕೊಮ್ಮೆ ಮಾಡಿಸಬೇಕು. ಪಾಸಿಟಿವ್ ಬಂದರೆ ದಯವಿಟ್ಟು ಇನ್ನೊಮ್ಮೆ ಫಿಟ್ ಮಾಡಿಸಿ ಸಮಾಧಾನ ಪಟ್ಟುಕೊಳ್ಳಬೇಡಿ, ಪಾಲಿಪ್ ಒಂದು ದಿನ ರಕ್ತ ಸುರಿಸಿ ಮರುದಿನ ಸುಮ್ಮನಿರಬಹುದು. ನೇರವಾಗಿ ಕೊಲೊನೋಸ್ಕೋಪಿಗೆ ಹೋಗಿ. ಅದರಲ್ಲಿ ಏನೂ ಸಿಗದಿದ್ದರೆ, ಮನೆತನದ ಇತಿಹಾಸವೂ ಇಲ್ಲದಿದ್ದರೆ, ಸಾಮಾನ್ಯವಾಗಿ ಮುಂದಿನದು 10 ವರ್ಷಕ್ಕೆ.

ಕೊಲೊನೋಸ್ಕೋಪಿಯಲ್ಲಿ ಕಷ್ಟದ ಭಾಗ ಅಂದರೆ ಹಿಂದಿನ ರಾತ್ರಿ. ಕರುಳು ಕೊಳಕಾಗಿದ್ದರೆ ಸಣ್ಣ ಪಾಲಿಪ್ ಮರೆಯಲ್ಲೇ ಉಳಿಯುತ್ತದೆ, ಪಟ್ಟ ಕಷ್ಟವೆಲ್ಲ ವ್ಯರ್ಥ. ಹಾಗಾಗಿ ಬೇಧಿ ಔಷಧಿಯನ್ನು ಎರಡು ಪಾಲು ಮಾಡಿ ಕುಡಿಯಲು ಹೇಳುತ್ತಾರೆ: ಅರ್ಧ ಹಿಂದಿನ ಸಂಜೆ, ಇನ್ನರ್ಧ ಪರೀಕ್ಷೆಗೆ 4ರಿಂದ 6 ಗಂಟೆ ಮೊದಲು. ಬೆಳಗಿನ ಜಾವ ಎದ್ದು ಎರಡನೇ ಪಾಲು ಕುಡಿಯೋಕೆ ಬೇಜಾರಾಗುತ್ತದೆ, ನಿಜ, ಆದರೆ ಬಿಡಬೇಡಿ. ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿ, ಸ್ಟ್ರಾದಲ್ಲಿ ನಾಲಿಗೆಯ ಹಿಂಬದಿಗೆ ಎಳೆದುಕೊಂಡರೆ ರುಚಿ ಅಷ್ಟಾಗಿ ಕಾಡುವುದಿಲ್ಲ. ಒರೆಸಿ ಒರೆಸಿ ಚರ್ಮ ಉರಿಯುವ ಮೊದಲೇ ವ್ಯಾಸಲಿನ್ ಹಚ್ಚಿಕೊಳ್ಳಿ. ಕೆಂಪು ಬಣ್ಣದ ಪಾನೀಯ ಬೇಡ, ಒಳಗೆ ರಕ್ತದ ಹಾಗೆ ಕಾಣುತ್ತದೆ. ಕೊನೆಗೆ ಹೋಗುವುದು ತಿಳಿ ಹಳದಿ ನೀರಾಗಿರಬೇಕು, ಕಮೋಡಿನ ತಳ ಕಾಣುವಷ್ಟು ತಿಳಿ. ಇನ್ನೂ ಕಂದು, ಬಗ್ಗಡ ಇದ್ದರೆ ಹೊರಡುವ ಮೊದಲೇ ಫೋನ್ ಮಾಡಿ ಹೇಳಿ. ಸಕ್ಕರೆ ಕಾಯಿಲೆ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಕೆಲವು ದಿನ ಮುಂಚೆಯೇ ವೈದ್ಯರಿಗೆ ತಿಳಿಸಬೇಕು.

ಪರೀಕ್ಷೆಯ ವಯಸ್ಸು ಬಂದಿರಲಿ ಬಿಡಲಿ, ಮಲದಲ್ಲಿ ರಕ್ತ ಕಂಡರೆ ಪೈಲ್ಸ್ ಅಂತ ನೀವೇ ತೀರ್ಮಾನಿಸಬೇಡಿ. ಪೈಲ್ಸ್ ಇರುವವರಿಗೂ ಒಳಗೆ ಪಾಲಿಪ್ ಇರಬಹುದು, ಅಲ್ವಾ? ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದಂಶ ಕಡಿಮೆಯಾಗಿ ರಕ್ತಹೀನತೆ ಬಂದರೆ ಬರೀ ಮಾತ್ರೆ ನುಂಗಿ ಸುಮ್ಮನಾಗದೆ, ರಕ್ತ ಎಲ್ಲಿ ಸೋರುತ್ತಿದೆ ಅಂತ ಹುಡುಕಿಸಲೇಬೇಕು. ಐಬಿಎಸ್ (ಹೊಟ್ಟೆನೋವು, ಬೇಧಿ, ಮಲಬದ್ಧತೆ ಮತ್ತೆ ಮತ್ತೆ ಕಾಡುವ ಕರುಳಿನ ತೊಂದರೆ) ಇರುವವರಿಗೆ ಒಂದು ಸಮಾಧಾನ: ಅದು ಕ್ಯಾನ್ಸರ್ ಆಗಿ ತಿರುಗುವುದಿಲ್ಲ. ಆದರೆ ರಕ್ತ ಹೋಗುವುದು, ಕಾರಣವಿಲ್ಲದೆ ತೂಕ ಇಳಿಯುವುದು ಐಬಿಎಸ್‌ನ ಲಕ್ಷಣ ಅಲ್ಲವೇ ಅಲ್ಲ.

ಇನ್ನು ಸುದ್ದಿ ಓದುವಾಗ ಸ್ವಲ್ಪ ತಾಳ್ಮೆ ಇರಲಿ. 2022ರಲ್ಲಿ ಯುರೋಪಿನ ನಾರ್ಡಿಕ್ (NordICC) ಎಂಬ ಕೊಲೊನೋಸ್ಕೋಪಿ ಅಧ್ಯಯನದ ಫಲಿತಾಂಶ ಬಂದಾಗ ಕೊಲೊನೋಸ್ಕೋಪಿಯಿಂದ ಅಷ್ಟೇನೂ ಲಾಭವಿಲ್ಲ ಎಂಬ ಮಾತು ಹಬ್ಬಿತು. ಪರೀಕ್ಷೆಗೆ ಕರೆ ಹೋದ ಗುಂಪಿನಲ್ಲಿ ಕ್ಯಾನ್ಸರ್ ಅಪಾಯ ಇಳಿದದ್ದು 18% ಮಾತ್ರ, ನಿಜ. ಆದರೆ ಕರೆದವರಲ್ಲಿ ನಿಜವಾಗಿ ಬಂದು ಮಾಡಿಸಿಕೊಂಡವರು 42% ಮಾತ್ರ! ಬಾರದವರನ್ನೂ ಸೇರಿಸಿದ ಲೆಕ್ಕ ಅದು.

ರಿಪೋರ್ಟ್ ಕೈಗೆ ಬಂದಾಗ ನಾಲ್ಕು ವಿಷಯ ನೋಡಿ: ಕರುಳಿನ ಕೊನೆಯವರೆಗೆ ಹೋದರಾ, ಶುಚಿಯಾಗಿತ್ತಾ, ಪಾಲಿಪ್ ಎಷ್ಟು ಸಿಕ್ಕಿತು, ಅಳತೆ ಎಷ್ಟು. ಬಯಾಪ್ಸಿಯಲ್ಲಿ ಅಡಿನೋಮಾ (ಮುಂದೆ ಕ್ಯಾನ್ಸರ್ ಆಗಬಲ್ಲ ಬಗೆಯ ಪಾಲಿಪ್) ಅಂತ ಇದ್ದು ಅದು 10 ಮಿಲಿಮೀಟರ್ ಅಥವಾ ದೊಡ್ಡದಾಗಿದ್ದರೆ ಸಾಮಾನ್ಯವಾಗಿ 3 ವರ್ಷಕ್ಕೇ ಮತ್ತೆ ಕರೆಯುತ್ತಾರೆ. ಆ ತಾರೀಖನ್ನು ವೈದ್ಯರಿಂದ ಬರೆಸಿಕೊಂಡೇ ಹೊರಗೆ ಬನ್ನಿ, ಒಡಹುಟ್ಟಿದವರಿಗೂ ಮಕ್ಕಳಿಗೂ ವಿಷಯ ತಿಳಿಸಿ.