ಮಳೆಗಾಲದ ತಯಾರಿಯ ಪಟ್ಟಿಯಲ್ಲಿ ಮುಪ್ಪು: ಸಹಕಾರಿ ಸಂಘದ ಕಾರ್ಯದರ್ಶಿಯೊಬ್ಬನ ಅನುಭವ

ಒಂದು ಊರಿಗೆ ವಯಸ್ಸಾಗುತ್ತಿರುವುದು ಆಸ್ಪತ್ರೆಗಿಂತ ಮೊದಲು ಸಹಕಾರಿ ಸಂಘದ ಕಡತಗಳಲ್ಲಿ ಗೊತ್ತಾಗುತ್ತದೆ. ಸಿದ್ದಾಪುರ ತಾಲ್ಲೂಕಿನ ಒಂದು ಪ್ರಾಥಮಿಕ ಸಹಕಾರಿ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದ ನನಗೆ ಅದು ತಿಳಿದದ್ದು ಹಾಗೆಯೇ. ಸದಸ್ಯರ ಸಹಿ ಹಳೆಯ ನಮೂನೆಗೆ ತಾಳೆಯಾಗದೆ ಮತ್ತೆ ಮತ್ತೆ ಹೊಸ ನಮೂನೆ ಪಡೆಯಬೇಕಾಗುತ್ತಿತ್ತು. ನಾಮಿನಿಯ ಅಂಕಣದಲ್ಲಿ ಊರಿನ ವಿಳಾಸಗಳು ಹೋಗಿ ಬೆಂಗಳೂರಿನ ಬಡಾವಣೆಗಳ ಹೆಸರುಗಳು ತುಂಬತೊಡಗಿದ್ದವು. ಕೊಯ್ಲು, ಸುಲಿತ, ಬೇಯಿಸುವ ಕೆಲಸ ಯಾವುದನ್ನೂ ನಿಭಾಯಿಸಲಾಗದೆ ಅಡಿಕೆ ಮರದ ಮೇಲಿರುವಾಗಲೇ ಫಸಲನ್ನು ಗುತ್ತಿಗೆಗೆ ಕೊಡುವವರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರು. ಸಾಲ ವಸೂಲಿಯ ಚಿಂತೆಯಿಂದ ಆರಂಭವಾದ ನಮ್ಮ ಚರ್ಚೆ ಆರೈಕೆಯ ಕೆಲಸಕ್ಕೆ ಬಂದು ಮುಟ್ಟಿದ್ದು ಹೇಗೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು ಎನ್ನುತ್ತದೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. 2011ರ ಜನಗಣತಿಯಲ್ಲಿ ದೇಶದ ಜನಸಂಖ್ಯೆಯ ಶೇ. 8.6ರಷ್ಟಿದ್ದ 60 ದಾಟಿದವರ ಪಾಲು 2036ರ ಹೊತ್ತಿಗೆ ಶೇ. 15ರ ಸಮೀಪಕ್ಕೆ ಬರುತ್ತದೆಂದು ಕೇಂದ್ರ ಸರ್ಕಾರದ ತಜ್ಞರ ಅಂದಾಜು. ಫ್ರಾನ್ಸಿನಲ್ಲಿ 65 ದಾಟಿದವರ ಪಾಲು ಶೇ. 7ರಿಂದ ಶೇ. 14ಕ್ಕೆ ಏರಲು ನೂರು ವರ್ಷಕ್ಕೂ ಹೆಚ್ಚು ಹಿಡಿದಿತ್ತು. ಜಪಾನಿಗೆ ಸುಮಾರು 25 ವರ್ಷ ಸಾಕಾಯಿತು. ಘಟ್ಟದ ಮೇಲಿನ ಊರುಗಳಲ್ಲಿ ಈ ಯಾವ ಲೆಕ್ಕವೂ ನಡೆಯುವುದಿಲ್ಲ, ಏಕೆಂದರೆ ಇಲ್ಲಿ ಹುಟ್ಟುವವರು ಕಡಿಮೆಯಾಗಿರುವುದರ ಜೊತೆಗೆ ಹುಟ್ಟಿದವರೂ ಊರು ಬಿಟ್ಟಿದ್ದಾರೆ.

ಆಡಳಿತ ಮಂಡಳಿಯಲ್ಲಿ ಮೊದಲು ಬಂದ ಸಲಹೆ ಆರೋಗ್ಯ ಶಿಬಿರ ನಡೆಸುವುದು. ಶಿಬಿರಕ್ಕೆ ಬರುವವರು ನಡೆದು ಬರಬಲ್ಲವರು. ನಮಗೆ ಬೇಕಾಗಿದ್ದುದು ಬರಲಾಗದವರ ಲೆಕ್ಕ. ಆದ್ದರಿಂದ ಆಶಾ ಕಾರ್ಯಕರ್ತೆಯರ ಜೊತೆಗೂಡಿ ಮನೆಮನೆಗೆ ಹೋಗಿ ಪಟ್ಟಿ ಮಾಡಿದೆವು. ಯಾವ ಕಾಯಿಲೆ, ಯಾವ ಮಾತ್ರೆ ಎಂಬ ಪ್ರಶ್ನೆಗಳನ್ನು ಹಿಂದಕ್ಕೆ ತಳ್ಳಿ, ರಾತ್ರಿ ಬಿದ್ದರೆ ನಿಮ್ಮ ಕೂಗು ಯಾರಿಗೆ ಕೇಳಿಸುತ್ತದೆ, ಕಳೆದ ಮಳೆಗಾಲದಿಂದ ಈಚೆಗೆ ಎಂದಾದರೂ ಬಿದ್ದಿದ್ದೀರಾ, ಜುಲೈ ತಿಂಗಳಲ್ಲಿ ಡಾಂಬರು ರಸ್ತೆ ಮುಟ್ಟಲು ಹಳ್ಳದ ಮೇಲಿನ ಎಷ್ಟು ಕಾಲುಸಂಕ (ನಡೆದು ದಾಟುವ ಕಿರುಸೇತುವೆ) ದಾಟಬೇಕು ಎಂಬ ಮೂರನ್ನು ಮೊದಲಿಗೆ ಇಟ್ಟೆವು. ಮಗ ದಿನವೂ ಫೋನು ಮಾಡುತ್ತಾನೆ ಎಂಬುದು ಮೊದಲ ಪ್ರಶ್ನೆಗೆ ಸಾಮಾನ್ಯವಾಗಿ ಬರುತ್ತಿದ್ದ ಉತ್ತರ. ಕರೆಂಟು ಹೋದರೆ ಟವರೂ ಸುಮ್ಮನಾಗುವ ಕಣಿವೆಯಲ್ಲಿ ಆ ಉತ್ತರದ ಬೆಲೆ ಎಷ್ಟೆಂದು ಹೇಳಿದವರಿಗೂ ಗೊತ್ತಿತ್ತು.

ಆ ಪಟ್ಟಿಯಿಂದ ನಾವು ನಿರೀಕ್ಷಿಸದಿದ್ದ ಎರಡು ಸಂಗತಿಗಳು ಹೊರಬಿದ್ದವು. ತೊಂಬತ್ತರ ಅತ್ತೆಯನ್ನು ನೋಡಿಕೊಳ್ಳುತ್ತಿರುವ ಸೊಸೆಗೇ ಅರವತ್ತೈದು ದಾಟಿದ ಮನೆಗಳು ಹಲವಿದ್ದವು, ಮತ್ತು ಅಲ್ಲಿ ಮೊದಲು ಕುಸಿಯುವ ಸಂಭವವಿದ್ದುದು ಸೊಸೆಯೇ. ಇನ್ನೊಂದು ಸಂಗತಿ ನಮ್ಮ ಮುಂದಿನ ಎಲ್ಲ ಕೆಲಸಕ್ಕೂ ತಳಹದಿಯಾಯಿತು. ತೋಟವಿರುವ ಮನೆಗಳಲ್ಲಿ ದುಡ್ಡಿತ್ತು, ಕೂಗಿದರೆ ಓಗೊಡುವವರಿರಲಿಲ್ಲ. ಕೂಲಿಕಾರರ ಕೇರಿಯಲ್ಲಿ ಮಗನೋ ಸೊಸೆಯೋ ಪಕ್ಕದಲ್ಲೇ ಇದ್ದರು, ಆದರೆ ಒಂದು ದಿನ ಕೆಲಸ ಬಿಟ್ಟು ಮುದುಕಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ಶಕ್ತಿ ಇರಲಿಲ್ಲ. ಹಿರಿಯರ ಸಮಸ್ಯೆ ಎಂದು ಎಲ್ಲವನ್ನೂ ಒಂದೇ ಹೆಸರಿನಲ್ಲಿ ಕರೆಯುವ ಭಾಷಣಗಳ ಬಗ್ಗೆ ಅಂದಿನಿಂದ ನನಗೆ ಗೌರವ ಕಡಿಮೆಯಾಗಿದೆ.

ಮೊದಲು ಕೈಹಾಕಿದ್ದು ಬೀಳುವುದನ್ನು ತಡೆಯುವ ಕೆಲಸಕ್ಕೆ. ಸೊಂಟದ ಮೂಳೆ ಮುರಿದ ಎಂಬತ್ತರ ಹಿರಿಯರೊಬ್ಬರನ್ನು ಕಂಬಳಿಯಲ್ಲಿ ಹೊತ್ತು ರಸ್ತೆಗೆ ತಂದು, ಅಲ್ಲಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರದ ಹುಬ್ಬಳ್ಳಿಗೋ ಮಣಿಪಾಲಕ್ಕೋ ಸಾಗಿಸುವುದೆಂದರೆ ಏನೆಂದು ಈ ಭಾಗದವರಿಗೆ ವಿವರಿಸಬೇಕಾಗಿಲ್ಲ. ಶಸ್ತ್ರಚಿಕಿತ್ಸೆ ಚೆನ್ನಾಗಿ ಆದರೂ ಅನೇಕರು ಮತ್ತೆ ಮೊದಲಿನಂತೆ ನಡೆಯುವುದಿಲ್ಲ. ನಮ್ಮ ಮನೆಗಳಲ್ಲಿ ಅಪಾಯದ ಜಾಗಗಳು ಎಲ್ಲರಿಗೂ ಗೊತ್ತಿರುವಂಥವೇ: ಹಾವಸೆ ಕಟ್ಟಿದ ಅಂಗಳ, ನುಣುಪಾದ ಬಚ್ಚಲುಗಲ್ಲು, ಎತ್ತರದ ಹೊಸ್ತಿಲು, ಮನೆಯಿಂದ ಬೇರೆಯಾಗಿ ಹಿತ್ತಲಲ್ಲಿರುವ ಶೌಚಾಲಯ, ಕೊಟ್ಟಿಗೆಗೆ ಇಳಿಯುವ ಕಲ್ಲುಮೆಟ್ಟಿಲು. ಬಚ್ಚಲಿನಲ್ಲಿ ಮತ್ತು ಶೌಚಾಲಯದಲ್ಲಿ ಉಕ್ಕಿನ ಹಿಡಿಕೆ, ಹಾಸಿಗೆಯಿಂದ ಹಿತ್ತಲಿನ ತನಕ ಬ್ಯಾಟರಿ ದೀಪ, ಕುಕ್ಕರಗಾಲಲ್ಲಿ ಕೂರುವ ಕಮೋಡಿನ ಬದಲು ಕುರ್ಚಿ ಮಾದರಿಯದು, ಸವೆದ ಹವಾಯಿ ಚಪ್ಪಲಿಯ ಬದಲು ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ, ಇಷ್ಟನ್ನು ಸಂಘದ ಮಾರಾಟ ವಿಭಾಗದಲ್ಲಿ ತಂದಿಟ್ಟೆವು.

ತಂದಿಟ್ಟದ್ದು ಅಲ್ಲೇ ಉಳಿಯಿತು. ನಮಗೇನು ಅಷ್ಟು ವಯಸ್ಸಾಗಿದೆಯೇ ಎಂದು ಕೇಳುವವರಿಗೆ ಹಿಡಿಕೆ ಮಾರುವುದು ಸುಲಭವಲ್ಲ. ಆಗ ನಮಗೆ ನೆರವಾದದ್ದು ಮಲೆನಾಡಿನ ಹಳೆಯ ಪರಿಪಾಠ. ಮಳೆ ಹಿಡಿಯುವ ಮುನ್ನ ಇಲ್ಲಿ ಪ್ರತಿ ಮನೆಯಲ್ಲೂ ಕಟ್ಟಿಗೆ ಒಟ್ಟುತ್ತಾರೆ, ಗೋಡೆಗೆ ಎರಚಲು ಬಡಿಯದಂತೆ ಸೋಗೆ ಕಟ್ಟುತ್ತಾರೆ, ಜಾರದಂತೆ ಅಂಗಳದ ಉದ್ದಕ್ಕೂ ಅಡಿಕೆ ದಬ್ಬೆ, ಅಂದರೆ ಸೀಳಿದ ಅಡಿಕೆ ಮರ, ಹಾಸುತ್ತಾರೆ. ದಬ್ಬೆ ಹಾಸಲು ಬರುವ ಆಳಿನ ಜೊತೆಗೇ ಹಿಡಿಕೆ ಕೂರಿಸುವ ಬಡಗಿಯನ್ನೂ ಕಳುಹಿಸಿ, ಎರಡನ್ನೂ ಮಳೆಗಾಲದ ತಯಾರಿ ಎಂಬ ಒಂದೇ ಬಿಲ್ಲಿನಲ್ಲಿ ಸೇರಿಸಿದೆವು. ಮುಪ್ಪಿನ ಹೆಸರಿನಲ್ಲಿ ಬೇಡವೆಂದವರು ಮಳೆಯ ಹೆಸರಿನಲ್ಲಿ ಒಪ್ಪಿದರು.

ಜೊತೆಗೆ ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿ ಎರಡು ಸರಳ ಪರೀಕ್ಷೆಗಳನ್ನು ಆಶಾ ಕಾರ್ಯಕರ್ತೆಯರಿಗೂ ನಮಗೂ ಕಲಿಸಿಕೊಟ್ಟರು. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದು ತಿಳಿಯಬೇಕು. ಮಲಗಿದ್ದಾಗಿನ ರಕ್ತದೊತ್ತಡದ ಮೇಲಿನ ಅಂಕಿ ಎದ್ದು ನಿಂತ ಮೂರು ನಿಮಿಷದೊಳಗೆ 20ರಷ್ಟು ಇಳಿದರೆ, ಬೆಳಗಿನ ಜಾವ ಎದ್ದಾಗ ಕಣ್ಣು ಕತ್ತಲೆ ಬರುವುದಕ್ಕೆ ಕಾರಣ ಅಲ್ಲಿರಬಹುದು. ಆಗ ವೈದ್ಯರಿಗೆ ತೋರಿಸಿ ಬಿ.ಪಿ. ಮಾತ್ರೆ, ನಿದ್ರೆ ಮಾತ್ರೆಗಳನ್ನು ಮರುಪರಿಶೀಲಿಸಬೇಕು. ಬೇರೆ ಬೇರೆ ಊರಿನ ವೈದ್ಯರು ಬರೆದ ಮಾತ್ರೆಗಳೆಲ್ಲ ಒಂದೇ ಡಬ್ಬಿಯಲ್ಲಿ ಸೇರಿಕೊಂಡಿದ್ದ ಮನೆಗಳಲ್ಲಿ ಇದರಿಂದಲೇ ಹೆಚ್ಚು ಪ್ರಯೋಜನವಾಯಿತೆಂದು ನನ್ನ ಅಭಿಪ್ರಾಯ.

ಕಾಗದಪತ್ರದ ಕೆಲಸ ನನಗೆ ಪರಿಚಿತವಾದದ್ದರಿಂದ ಅದನ್ನು ಹೆಚ್ಚು ಬೆಳೆಸುವುದಿಲ್ಲ. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದವರಿಗೆ ತಿಂಗಳಿಗೆ 1,200 ರೂಪಾಯಿ ಸಿಗುತ್ತದೆ. ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 79 ವರ್ಷದವರೆಗೂ 200 ರೂಪಾಯಿಯಲ್ಲೇ ನಿಂತಿದೆ. ಬದುಕಿಡೀ ಅಡಿಕೆ ಸುಲಿದ ಕೈಗಳ ಬೆರಳಚ್ಚು ಯಂತ್ರಕ್ಕೆ ಸಿಗದೆ ಪಡಿತರ ನಿಲ್ಲುವುದು, ಆಧಾರ್ ಮಾಡಿಸಿದಾಗ ಅಂದಾಜಿಗೆ ಬರೆಸಿದ ಜನವರಿ 1ರ ಹುಟ್ಟುದಿನ ನಿಜವಾದ ವಯಸ್ಸಿಗಿಂತ ಕಡಿಮೆಯಾಗಿ ಪಿಂಚಣಿ ತಡವಾಗುವುದು, ಇವೆರಡೇ ಬಹುಪಾಲು ಅರ್ಜಿಗಳ ಮೂಲ. ಕಣ್ಣಿನ ಪಾಪೆಯ ಗುರುತನ್ನು ಬಳಸುವ ಅವಕಾಶವಿದೆ ಎಂಬುದನ್ನು ಕೌಂಟರಿನಲ್ಲಿ ಕೂತವರಿಗೆ ಜ್ಞಾಪಿಸಲು ಜೊತೆಗೊಬ್ಬರು ಬೇಕಾಗುತ್ತಾರೆ.

ಎಲ್ಲಕ್ಕಿಂತ ಕಠಿಣವಾದದ್ದು ಆರೈಕೆಗೆ ಜನರನ್ನು ಹೊಂದಿಸುವುದು. ಸ್ವಯಂಸೇವೆಯ ಉತ್ಸಾಹ ಸುಗ್ಗಿ ಬರುವ ತನಕ ಮಾತ್ರ ಇರುತ್ತದೆ ಎಂಬುದು ಸಂಘ ನಡೆಸಿದವರಿಗೆಲ್ಲ ಗೊತ್ತು. ಸಂಬಳವಿಲ್ಲದ ಆರೈಕೆ ಕೊನೆಗೆ ಮನೆಯ ಹೆಂಗಸಿನ ಹೆಗಲಿಗೇ ಬೀಳುತ್ತದೆ. ಹಾಗಾಗಿ ಕೂಲಿಕಾರರ ಕೇರಿಗಳಿಂದಲೇ ಮಹಿಳೆಯರನ್ನು ಆರಿಸಿ, ಸ್ನಾನ ಮಾಡಿಸುವುದು, ಮಗ್ಗುಲು ಬದಲಿಸಿ ಬೆನ್ನುಹುಣ್ಣು ತಡೆಯುವುದು, ಮೂತ್ರದ ಕ್ಯಾಥೆಟರ್ ಚೀಲ ನೋಡಿಕೊಳ್ಳುವುದು, ಮಾತ್ರೆಗಳ ಲೆಕ್ಕ ಬರೆಯುವುದು ಮುಂತಾದವುಗಳಲ್ಲಿ ತರಬೇತಿ ಕೊಡಿಸಿ, ಗಂಟೆಯ ಲೆಕ್ಕದಲ್ಲಿ ಕೂಲಿ ನಿಗದಿ ಮಾಡಿದೆವು. ಆ ಕೂಲಿ ತೋಟದ ಕೂಲಿಗಿಂತ ಹೆಚ್ಚಿರಬೇಕು ಎಂಬುದು ನನ್ನ ಹಟವಾಗಿತ್ತು. ಹಣದ ದಾರಿ ಸಂಘದಲ್ಲೇ ಇತ್ತು: ಸದಸ್ಯರ ಲಿಖಿತ ಒಪ್ಪಿಗೆಯ ಮೇಲೆ ಅಡಿಕೆ ಮಾರಾಟದ ಖಾತೆಯಿಂದ ಪ್ರತಿ ತಿಂಗಳ ಶುಲ್ಕ ಕಡಿತವಾಗುತ್ತದೆ, ಬೆಂಗಳೂರಿನಲ್ಲೋ ವಿದೇಶದಲ್ಲೋ ಇರುವ ಮಕ್ಕಳು ನೇರವಾಗಿ ಅದೇ ಖಾತೆಗೆ ಜಮಾ ಮಾಡಬಹುದು, ಭೂಮಿಯಿಲ್ಲದ ಮನೆಗಳ ಹಿರಿಯರಿಗೆ ತಗಲುವ ವೆಚ್ಚವನ್ನು ಲಾಭದಲ್ಲಿ ಬದಿಗಿರಿಸಿದ ಕ್ಷೇಮ ನಿಧಿ ಭರಿಸುತ್ತದೆ.

ಒಳಗೆ ಯಾರು ಬರಬಹುದು, ಅಡುಗೆಮನೆಯ ಹೊಸ್ತಿಲು ಯಾರು ದಾಟಬಹುದು ಎಂಬ ಪ್ರಶ್ನೆ ಬಂದೇ ಬಂತು. ಜಾತಿ ನೋಡಿ ಆರೈಕೆದಾರರನ್ನು ಆರಿಸಲು ಅವಕಾಶವಿಲ್ಲ, ಒಪ್ಪದವರ ಹೆಸರನ್ನು ಪಟ್ಟಿಯಿಂದ ತೆಗೆಯಲಾಗುವುದು ಎಂದು ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿದೆವು. ಕೆಲವರು ಹೆಸರು ತೆಗೆಸಿದರು. ಮಡಿ ಬಿಡಲಾರೆವೆಂದು ಹೋದವರಲ್ಲಿ ಹಾಸಿಗೆ ಹಿಡಿದ ಮೇಲೆ ಮರಳಿದವರೇ ಹೆಚ್ಚು, ಮತ್ತು ಆ ಮನೆಗಳಲ್ಲಿ ಆ ಮಾತು ಮತ್ತೆ ಎದ್ದಿಲ್ಲ.

ನಮ್ಮದು ಹೊಸ ಆವಿಷ್ಕಾರವೇನೂ ಅಲ್ಲ. ಕೇರಳದಲ್ಲಿ 1993ರಲ್ಲಿ ಕೋಝಿಕ್ಕೋಡಿನಿಂದ ಆರಂಭವಾದ ಉಪಶಮನ ಆರೈಕೆ (ಗುಣವಾಗದ ಕಾಯಿಲೆಯವರ ನೋವು, ನರಳಾಟ ತಗ್ಗಿಸುವ ಆರೈಕೆ) ನೆರೆಹೊರೆಯ ಜನರ ಕೈಯಲ್ಲಿ ಬೆಳೆದು, 2008ರಲ್ಲಿ ರಾಜ್ಯದ ನೀತಿಯಾಗಿ ಪಂಚಾಯಿತಿಗಳ ಹೊಣೆಯೊಳಗೆ ಬಂತು. ಜಪಾನು 2000ದಲ್ಲಿ ದೀರ್ಘಕಾಲದ ಆರೈಕೆಗೆಂದೇ ವಿಮೆ ತಂದು, 40 ದಾಟಿದ ಪ್ರತಿಯೊಬ್ಬರಿಂದಲೂ ಕಂತು ಪಡೆಯುತ್ತಿದೆ. ಉಳಿದ ಅರ್ಧ ವೆಚ್ಚ ತೆರಿಗೆಯಿಂದ ಬರುತ್ತದೆ. ಎರಡೂ ಕಡೆ ಆರೈಕೆಯನ್ನು ಮಕ್ಕಳ ಒಳ್ಳೆಯತನಕ್ಕೆ ಬಿಟ್ಟಿಲ್ಲ. ನಮ್ಮಲ್ಲಿ 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಕಾಯ್ದೆಯಿದೆ. ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ಜೀವನಾಂಶ ಕೊಡಿಸಬಲ್ಲದು, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯ ದಾನಪತ್ರವನ್ನು ರದ್ದುಗೊಳಿಸಬಲ್ಲದು. ಆದರೆ ಘಟ್ಟದ ಮೇಲಿನ ತೋಟದ ಮನೆಗಳ ಹಿರಿಯರಿಗಿರುವ ಕೊರತೆ ಬಹುಮಟ್ಟಿಗೆ ಹಣದ್ದಲ್ಲವಾದ್ದರಿಂದ ಆದೇಶಗಳಿಂದ ಅದು ತುಂಬುವುದಿಲ್ಲ. ವೃದ್ಧಾಶ್ರಮ ಕಟ್ಟಿಸಿಕೊಡುತ್ತೇವೆಂದು ಮುಂದೆ ಬಂದ ದಾನಿಗಳಿಗೆ, ಆ ಹಣದಲ್ಲಿ ಕಾಲುಸಂಕಗಳಿಗೆ ಹಿಡಿದು ನಡೆಯಲು ಕಂಬಿ ಹಾಕಿಸಿ ಎಂದು ನಾವು ಕೇಳಿದ್ದೂ ಇದೇ ಕಾರಣಕ್ಕೆ. ತೋಟ, ದನ, ದೇವರಕೋಣೆ ಬಿಟ್ಟು ಪೇಟೆಯ ಕೊಠಡಿಗೆ ಹೋಗಲು ಒಪ್ಪಿದವರು ನಮ್ಮ ಪಟ್ಟಿಯಲ್ಲಿ ತೀರಾ ವಿರಳ.

ಸರ್ಕಾರ ಮನಸ್ಸು ಮಾಡಿದರೆ ಪಂಚಾಯಿತಿ ಮಟ್ಟದಲ್ಲಿ ಏನಾಗಬಹುದೆಂಬುದಕ್ಕೆ ಉದ್ಯೋಗ ಖಾತ್ರಿಯ ಕೂಲಿಕಾರರ ಮಕ್ಕಳಿಗಾಗಿ ರಾಜ್ಯದ 4,000 ಗ್ರಾಮ ಪಂಚಾಯಿತಿಗಳಿಗೆ ಯೋಜಿಸಿದ ಕೂಸಿನ ಮನೆಗಳು ಸಾಕ್ಷಿ. ಮಕ್ಕಳಿಲ್ಲದೆ ಬಾಗಿಲು ಮುಚ್ಚಿದ ಶಾಲೆಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ. ಅವುಗಳಿಗೆ ಇಳಿಜಾರು ದಾರಿ, ಒಳ್ಳೆಯ ಶೌಚಾಲಯ, ಮಧ್ಯಾಹ್ನದ ಊಟ, ಕರೆತರಲು ಒಂದು ಜೀಪು ಒದಗಿಸಿದರೆ ಹಗಲು ಹೊತ್ತಿನ ಹಿರಿಯರ ಮನೆಯಾಗುತ್ತದೆ, ಮತ್ತು ಅರವತ್ತೈದರ ಸೊಸೆಗೆ ಅಷ್ಟು ಹೊತ್ತು ಬಿಡುವು ಸಿಗುತ್ತದೆ. ಈ ಬೇಡಿಕೆಯನ್ನು ಗ್ರಾಮಸಭೆಯ ಮೂಲಕ ಬರೆದುಕೊಟ್ಟಿದ್ದೇವೆ.

ಸದ್ಯ ನಮ್ಮ ಆರೈಕೆದಾರರಲ್ಲಿ ಹೆಚ್ಚಿನವರು ನಲವತ್ತು ದಾಟಿದವರು. ಅವರ ಹೆಣ್ಣುಮಕ್ಕಳು ನರ್ಸಿಂಗ್ ಓದಲು ಮಂಗಳೂರಿಗೆ ಹೋಗುತ್ತಿದ್ದಾರೆ, ಹೋಗಲೂ ಬೇಕು. ಓದು ಮುಗಿಸಿದವರಲ್ಲಿ ಕೆಲವರಾದರೂ ಊರಿಗೆ ಮರಳಬೇಕಾದರೆ ಗಂಟೆಯ ಕೂಲಿ ಸಾಲದು. ತಿಂಗಳ ಸಂಬಳ, ಭವಿಷ್ಯ ನಿಧಿ, ಓಡಾಟಕ್ಕೆ ಸ್ಕೂಟರ್ ಬೇಕು. ಅದಕ್ಕಾಗಿ ಸದಸ್ಯರ ಶುಲ್ಕವನ್ನು ಎಷ್ಟು ಏರಿಸಬೇಕಾಗುತ್ತದೆ ಎಂಬ ಲೆಕ್ಕವನ್ನು ಈ ವರ್ಷದ ಸಾಮಾನ್ಯ ಸಭೆಯ ಮುಂದೆ ಇಡಲಿದ್ದೇವೆ.