ತುಮಕೂರಿನ ಅಂಗಳದಲ್ಲಿ ರಿಕ್ ಬ್ಯಾರಿ ಶಾಟ್: ನನ್ನ ಅನುಭವ

ಹೋದ ಸಲದ ಜಿಲ್ಲಾ ಮಟ್ಟದ ಪಂದ್ಯದಲ್ಲಿ ನಮ್ಮ ಶಾಲೆಯ ಬಾಸ್ಕೆಟ್‌ಬಾಲ್ ಹುಡುಗಿಯರು 20 ಫ್ರೀ ಥ್ರೋಗಳಲ್ಲಿ (ಎದುರಿನವರ ಫೌಲಿಗೆ ಸಿಗುವ, ಯಾರೂ ಅಡ್ಡ ಬರದ ಶಾಟ್) 16 ಹಾಕಿದರು. ಎಲ್ಲವೂ ಎರಡು ಕೈಯಲ್ಲಿ ಬಾಲ್ ಹಿಡಿದು, ಮೊಣಕಾಲ ನಡುವಿನಿಂದ ಮೇಲಕ್ಕೆತ್ತಿ ಹಾಕಿದ ಶಾಟ್. ಮೊದಲ ಎರಡಕ್ಕೆ ಎದುರು ಬೆಂಚಿನಲ್ಲಿ ನಗು ಕೇಳಿಸಿತು. ಮೂರನೇ ಕ್ವಾರ್ಟರ್ ಹೊತ್ತಿಗೆ ಅವರ ಕೋಚ್ ಎದ್ದು ನಿಂತು "ಫೌಲ್ ಮಾಡ್ಬೇಡ್ರೇ" ಅಂತ ಕೂಗುತ್ತಿದ್ದರು. ಮೂರು ವರ್ಷ ನಾನು ಕಾದಿದ್ದು ಆ ಕೂಗಿಗೆ.

ಈ ಶಾಟಿಗೆ ಹೆಸರು ತಂದವರು ಅಮೆರಿಕದ ಆಟಗಾರ ರಿಕ್ ಬ್ಯಾರಿ. 1975ರಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ಗೆ ಕಪ್ ತಂದುಕೊಟ್ಟು, ಫೈನಲ್ಸ್‌ನ ಶ್ರೇಷ್ಠ ಆಟಗಾರರಾಗಿ, 1980ರಲ್ಲಿ ಆಟ ನಿಲ್ಲಿಸಿದರು. ಎನ್‌ಬಿಎಯಲ್ಲಿ (ಅಮೆರಿಕದ ವೃತ್ತಿಪರ ಲೀಗ್) ಅವರ ಫ್ರೀ ಥ್ರೋ ಲೆಕ್ಕ ನೂರಕ್ಕೆ 90ರ ಹತ್ತಿರ. ನನ್ನ ನಿದ್ದೆ ಕೆಡಿಸಿದ್ದು ಅವರ 1978-79ರ ಸೀಸನ್. 169ರಲ್ಲಿ 160! ಇಡೀ ಸೀಸನ್ನಿಗೆ 9 ಮಿಸ್. ನಮ್ಮ ಹುಡುಗರು ಒಂದೇ ಮ್ಯಾಚಿನಲ್ಲಿ ಅಷ್ಟು ಮಿಸ್ ಮಾಡುತ್ತಿದ್ದರು.

ಇನ್ನೊಂದು ಲೆಕ್ಕ ಅದೇ ಲೀಗಿನ ವಿಲ್ಟ್ ಚೇಂಬರ್ಲೇನ್ ಅವರದ್ದು. 1962ರ ಮಾರ್ಚ್ 2ರಂದು ಒಂದೇ ಆಟದಲ್ಲಿ 100 ಪಾಯಿಂಟ್ ಹಾಕಿದಾಗ ಅವರು ಫ್ರೀ ಥ್ರೋ ಹಾಕಿದ್ದು ಇದೇ ರೀತಿ, 32ರಲ್ಲಿ 28. ಆಮೇಲೆ ನಾಚಿಕೆಯಾಗಿ ಬಿಟ್ಟುಬಿಟ್ಟರು. 1967-68ರಲ್ಲಿ ನೂರಕ್ಕೆ 38ಕ್ಕೆ ಇಳಿದರು. ಬ್ಯಾರಿಯವರಿಗೂ ಮೊದಲು ನಾಚಿಕೆಯೇ. ಹೀಗೆ ಹಾಕು ಅಂತ ಅಪ್ಪ ಹೇಳಿದರೂ, ಇದು ಹುಡುಗಿಯರ ಶಾಟ್ ಅಂತ ಅವರು ಒಪ್ಪಿರಲಿಲ್ಲ. ಕೊನೆಗೆ ಒಪ್ಪಿದರು, ಆಟ ನಿಲ್ಲಿಸುವವರೆಗೂ ಬಿಡಲಿಲ್ಲ. ಅವರ ಮಗ ಕ್ಯಾನಿಯನ್ ಬ್ಯಾರಿ ಕಾಲೇಜು ಆಟದಲ್ಲೂ ಹೀಗೇ ಹಾಕಿದರು. ಉಳಿದವರಲ್ಲಿ ಬಹುತೇಕರು ಕಣ್ಣೆದುರು ಅಂಕಿ ಇಟ್ಟುಕೊಂಡೂ ಮುಟ್ಟಲಿಲ್ಲ. ಒಂದು ಒಳ್ಳೆ ವಿದ್ಯೆ ಹೀಗೆ ಮೂಲೆ ಸೇರಿದ್ದು ನನಗೆ ಈಗಲೂ ಸಂಕಟ.

ನಾನು ಶುರು ಮಾಡಿದ್ದು ಹುಡುಗರಿಂದ. ಅದು ತಪ್ಪಾಯಿತು. ಆಗ ಟೀಮಿನ ಲೆಕ್ಕ ನೂರಕ್ಕೆ 43 ಇರಬೇಕು. ರಿಂಗಿನ ಹತ್ತಿರ ಆಡುವ, ಆರಡಿ ಎರಡಿಂಚಿನ ನಮ್ಮ ಸೆಂಟರ್ ಹುಡುಗನದ್ದು 30 ದಾಟುತ್ತಿರಲಿಲ್ಲ. ಅವನಿಗೇ ಮೊದಲು ಕಲಿಸಿದೆ. ಎರಡು ವಾರ ಮಾಡಿದ. ಒಂದು ಫ್ರೆಂಡ್ಲಿ ಮ್ಯಾಚಿನಲ್ಲಿ ಬೇರೆ ಶಾಲೆಯ ಹುಡುಗರು "ಅಜ್ಜಿ, ಅಜ್ಜಿ" ಅಂತ ಕೂಗಿದರು. ಮಾರನೇ ದಿನದಿಂದ ಪ್ರಾಕ್ಟೀಸಿಗೆ ಬರಲಿಲ್ಲ. ಅವರಪ್ಪ ಬಂದು, "ಸಾರ್, ನನ್ನ ಮಗನಿಗೆ ಸರಿಯಾದ ಆಟ ಕಲಿಸಿ" ಅಂದರು. ಜೊತೆಯ ಪಿಟಿ ಮೇಷ್ಟ್ರೊಬ್ಬರು "ಸುಮ್ನೆ ಮಕ್ಕಳ ಟೈಮ್ ಹಾಳು ಮಾಡ್ತಿದೀರ" ಅಂದರು.

ಕಾಲವೂ ತಪ್ಪಿತ್ತು. ಜೂನ್ ಕೊನೆಯಲ್ಲಿ ಶುರು ಮಾಡಿದ್ದೆ. ತುಮಕೂರಿನ ಬಯಲಿನಲ್ಲಿ ಆಷಾಢದ ಗಾಳಿ ಹೇಗಿರುತ್ತೆ ಅಂತ ನಿಮಗೆ ಗೊತ್ತೇ ಇದೆ. ಈ ಶಾಟ್‌ನಲ್ಲಿ ಬಾಲ್ ಎತ್ತರಕ್ಕೆ ಹೋಗಿ ನಿಧಾನವಾಗಿ ಇಳಿಯುತ್ತೆ. ಗಾಳಿ ಅದನ್ನು ಒಂದು ಗೇಣು ಪಕ್ಕಕ್ಕೆ ತಳ್ಳುತ್ತಿತ್ತು. ಎತ್ತರ ಕಡಿಮೆ ಮಾಡಿಸಿದೆ, ಆಗ ರಿಂಗಿನ ಮುಂದಿನ ಅಂಚಿಗೆ ಬಡಿಯಿತು. ಆ ಎರಡು ತಿಂಗಳು ಪೂರ್ತಿ ವ್ಯರ್ಥ.

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ನಮ್ಮ ರಿಂಗ್. ಅದು ಡಬಲ್ ರಿಂಗ್, ಎರಡು ಕಬ್ಬಿಣದ ಬಳೆ ಸೇರಿಸಿ ಮಾಡಿದ್ದು. ಹುಡುಗರು ಜೋತಾಡಿದರೂ ಬಾಗಬಾರದು ಅಂತ ಯಾವತ್ತೋ ಹಾಕಿಸಿದ್ದು. ಬಾಲ್ ಎಷ್ಟು ಮೆತ್ತಗೆ ಬಂದರೂ ಅದು ಆಚೆಗೆ ಎಸೆಯುತ್ತೆ. ರಿಂಗಿನ ಮೇಲೆ ಕೂತು ಒಳಗೆ ಜಾರಬೇಕು, ಅದೇ ಈ ಶಾಟಿನ ಜೀವ. ಸಿಂಗಲ್ ರಿಂಗ್ ಮಾಡಿಸಲು ಒಂದು ವೆಲ್ಡಿಂಗ್ ಅಂಗಡಿಗೆ ಸುಮಾರು 1,800 ರೂಪಾಯಿ ಕೊಟ್ಟೆ. ಮೊಟ್ಟೆ ಆಕಾರದಲ್ಲಿ ಮಾಡಿಕೊಟ್ಟರು. ದುಡ್ಡು ವಾಪಸ್ ಬರಲಿಲ್ಲ. ಆಮೇಲೆ ಬೆಂಗಳೂರಿಂದ ರೆಡಿ ರಿಂಗ್ ತರಿಸಿದೆ. ನೆಟ್, ಬೋಲ್ಟು, ಸಾಗಣೆ ಎಲ್ಲ ಸೇರಿ 4,500 ಹತ್ತಿರ. ಶಾಲೆ ಅರ್ಧ ಕೊಟ್ಟಿತು, ಉಳಿದಿದ್ದು ನನ್ನ ಜೇಬಿನದು. ಮನೆಯಲ್ಲಿ ಹೇಳಿರಲಿಲ್ಲ.

ಬಾಲಿಗೆ ಗಾಳಿ ತುಂಬುವಾಗಲೂ ಹುಷಾರು. ಬಾಲ್ ಮೇಲೆ 7ರಿಂದ 9 ಪೌಂಡ್ ಅಂತ ಬರೆದಿದ್ದರೆ, ಜಾಸ್ತಿ ಪುಟಿಯಬಾರದು ಅಂತ ನಾನು 7ಕ್ಕೇ ನಿಲ್ಲಿಸುತ್ತೇನೆ.

ಎರಡನೇ ವರ್ಷ ದಸರಾ ರಜೆ ಮುಗಿದ ಮೇಲೆ ಹುಡುಗಿಯರಿಗೆ ಶುರು ಮಾಡಿದೆ. ಮೊದಲ ತಿಂಗಳು ನೂರಕ್ಕೆ 35 ಅಷ್ಟೇ. ಮಣಿಕಟ್ಟು ಯಾರಿಗೂ ತಿರುಗುತ್ತಿರಲಿಲ್ಲ, ಬರೀ ತೋಳಲ್ಲಿ ಎಸೆಯುತ್ತಿದ್ದರು. ಕೊರಟಗೆರೆ ಕಡೆಯ ಒಬ್ಬ ಹುಡುಗಿಗೆ ಮಾತ್ರ ಮೂರೇ ದಿನಕ್ಕೆ ಬಂತು. "ಹೆಂಗಮ್ಮ?" ಅಂತ ಕೇಳಿದೆ. "ಸಾರ್, ಮೊರದಲ್ಲಿ ರಾಗಿ ಕೇರಿದಂಗೇ ಅಲ್ವಾ ಇದು?" ಅಂದಳು.

ನಾನು ಎಷ್ಟೋ ವಿಡಿಯೋ ನೋಡಿದ್ದೆ. ಯಾವುದರಲ್ಲೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಮಾರನೇ ದಿನವೇ ಎರಡು ಮೊರ, ಐದು ಸೇರು ರಾಗಿ ತಂದೆ. ಪ್ರಾಕ್ಟೀಸಿಗೆ ಮುಂಚೆ ಹತ್ತು ನಿಮಿಷ ಕೇರುವುದು. ಭುಜ ಸಡಿಲ, ಎರಡು ಮಣಿಕಟ್ಟೂ ಒಟ್ಟಿಗೆ ಮೇಲಕ್ಕೆ. ಕಾಳು ಎದ್ದು ಮೊರಕ್ಕೇ ಬೀಳಬೇಕು, ಆಚೆ ಚೆಲ್ಲಬಾರದು. ಆಮೇಲೆ ಬಾಲ್, ಮೊಣಕೈ ಬಾಗದೆ. ನಾಲ್ಕನೇ ತಿಂಗಳಿಗೆ 60 ದಾಟಿತು, ಈಗ 75ರ ಆಸುಪಾಸು. ನಮ್ಮ ಸುತ್ತಮುತ್ತ ಇಷ್ಟು ಹಾಕುವ ಶಾಲಾ ಟೀಮನ್ನು ನಾನು ನೋಡಿಲ್ಲ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಸೈಕಲ್ ಟ್ಯೂಬ್ ಸುತ್ತಿ ರಿಂಗಿನ ಬಾಯಿ ಕಿರಿದು ಮಾಡಿದೆ. ಒಂದು ವಾರ ಚೆನ್ನಾಗಿತ್ತು, ಆಮೇಲೆ ಮಕ್ಕಳು ಹೆದರಿ ಬಾಲನ್ನು ಹಿಡಿದಿಟ್ಟುಕೊಳ್ಳತೊಡಗಿದರು, ಬಿಚ್ಚಿಹಾಕಿದೆ. ವಾಲಿಬಾಲಿನಲ್ಲಿ ಹಾಕಿಸಿ ನೋಡಿದೆ, ಏನೂ ಉಪಯೋಗವಾಗಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಹತ್ತು ಶಾಟ್ ಹಾಕಿಸುವುದು ಮಾತ್ರ ಉಳಿದಿದೆ. ಒಬ್ಬಳು ಹತ್ತಕ್ಕೆ ಆರು ಹಾಕಿದ ದಿನ ನಾನು ಎಲ್ಲರಿಗೂ ತಟ್ಟೆ ಇಡ್ಲಿ ಕೊಡಿಸಿದೆ.

ಹೆಬ್ಬೆರಳು ಎಲ್ಲಿರಬೇಕು, ಫ್ರೀ ಥ್ರೋ ಹಾಕಲು ಸಿಗುವ ಆ ಐದು ಸೆಕೆಂಡಿನಲ್ಲಿ ಮನಸ್ಸಿನೊಳಗೆ ಏನು ಎಣಿಸಬೇಕು, ಇವೆರಡನ್ನು ಇಲ್ಲಿ ಬರೆಯಲ್ಲ. ಮುಂದಿನ ಪಂದ್ಯ ಮುಗಿಯಲಿ. ನೀವೇ ಹತ್ತು ದಿನ ಹಾಕಿ ನೋಡಿದರೆ ಹೆಬ್ಬೆರಳಿನದ್ದು ಸಿಗುತ್ತೆ.

ಅಂದು ಬಿಟ್ಟುಹೋದ ಸೆಂಟರ್ ಹುಡುಗ ಈಗ ಡಿಗ್ರಿ ಓದುತ್ತಿದ್ದಾನೆ. ಜಿಲ್ಲಾ ಪಂದ್ಯ ನೋಡಲು ಬಂದಿದ್ದ. ಮುಂದಿನ ಸೋಮವಾರ ಬೆಳಗ್ಗೆ ಆರಕ್ಕೆ ಅಂಗಳದಲ್ಲಿ ನಿಂತಿದ್ದ. "ಸಾರ್, ಆ ಶಾಟ್ ಇನ್ನೊಂದ್ಸಲ ತೋರಿಸಿ" ಅಂದ. ಮೊದಲ ದಿನ 50ಕ್ಕೆ 19, ಹೋದ ಶನಿವಾರ 31. ಮೊಣಕೈ ಇನ್ನೂ ಸ್ವಲ್ಪ ಬಾಗುತ್ತೆ. ಮೊರ ಹಿಡಿಸಿದ್ದೇನೆ.